ನ್ಯೂ ಮೆಕ್ಸಿಕೊದ ಹೈ-ವೇಜ್ ಜಾಬ್ಸ್ ಟ್ಯಾಕ್ಸ್ ಕ್ರೆಡಿಟ್: ಹದಿನಾಲ್ಕು ಜನಕ್ಕೆ ಹದಿನಾಲ್ಕು ಯುಗಾದಿ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಹೆಚ್ಚು ಸಂಬಳದ ಹೊಸ ಹುದ್ದೆ ಸೃಷ್ಟಿಸಿದ ಕಂಪನಿಗೆ ಸಿಗೋ ತೆರಿಗೆ ರಿಯಾಯಿತಿ (ಕ್ರೆಡಿಟ್) ಇದು: ಸಂಬಳದ ಶೇ 8.5, ಒಂದು ಹುದ್ದೆಗೆ ಒಂದು ಅವಧಿಗೆ ಗರಿಷ್ಠ 12,750 ಡಾಲರ್, ಒಟ್ಟು ನಾಲ್ಕು ಅವಧಿ. ಇಷ್ಟು ಎಲ್ಲರೂ ಓದಿಕೊಂಡೇ ಬಂದಿರುತ್ತಾರೆ. ಕೈ ಸುಡೋದು ಆ ‘ಅವಧಿ’ ಅನ್ನೋ ಪದದಲ್ಲಿ. ಅದು ಜನವರಿಯಿಂದ ಡಿಸೆಂಬರ್ ಅಲ್ಲ, ಕಂಪನಿಯ ಲೆಕ್ಕದ ವರ್ಷವೂ ಅಲ್ಲ. ಉದ್ಯೋಗಿ ಕೆಲಸಕ್ಕೆ ಸೇರಿದ ದಿನದಿಂದ ಹನ್ನೆರಡು ತಿಂಗಳು. ಹದಿನಾಲ್ಕು ಜನರನ್ನು ತಗೊಂಡರೆ ಹದಿನಾಲ್ಕು ಯುಗಾದಿ. ಡಬ್ಲ್ಯೂ-2 (ಜನವರಿಯಿಂದ ಡಿಸೆಂಬರ್‌ವರೆಗಿನ ಸಂಬಳ ತೋರಿಸೋ ತೆರಿಗೆ ಫಾರಂ) ನೋಡಿ ಅರ್ಜಿ ತುಂಬಲು ಹೋದವರೆಲ್ಲ ಇಲ್ಲೇ ಎಡವೋದು.

ರಾಜ್ಯದ ದೊಡ್ಡ ನಗರ ಆಲ್ಬುಕರ್ಕಿಯಲ್ಲಿ ಈ ಕ್ರೆಡಿಟ್‌ಗೆ ಬೇಕಾದ ಕನಿಷ್ಠ ಸಂಬಳ 60,000 ಡಾಲರ್. ಮೂಲ ಸಂಬಳ 58,000, ಬೋನಸ್ 2,500, ಸೇರಿದ್ದು ಮಾರ್ಚ್ 14 ಅಂತಿಟ್ಟುಕೊಳ್ಳಿ. ಬೋನಸ್ ಮುಂದಿನ ವರ್ಷದ ಮಾರ್ಚ್ 13ರೊಳಗೆ ಕೈ ಸೇರಿದರೆ 5,142 ಡಾಲರ್ ಚಿಲ್ಲರೆ ಕ್ರೆಡಿಟ್. ಮಾರ್ಚ್ ಕೊನೆಗೆ ಕೊಟ್ಟರೆ ಆ ಅವಧಿಗೆ ಸೊನ್ನೆ. ಕಡಿಮೆ ಬಿದ್ದಷ್ಟಕ್ಕೆ ಕಡಿತ ಅನ್ನೋ ಮಾತೇ ಇಲ್ಲ. ಗೆರೆ ದಾಟಿದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ.

ಇದಕ್ಕೆ ಮದ್ದು ಒಂದು ಸಾದಾ ಸ್ಪ್ರೆಡ್‌ಶೀಟ್. ಒಬ್ಬರಿಗೊಂದು ಸಾಲು: ಸೇರಿದ ತಾರೀಖು, ಅವಧಿ ಮುಗಿಯೋ ತಾರೀಖು, ಕೆಲಸದಲ್ಲಿದ್ದ ವಾರಗಳು, ಈವರೆಗೆ ಪಾವತಿಯಾದ ಮೊತ್ತ, ಗೆರೆಗೆ ಇನ್ನೆಷ್ಟು ಬಾಕಿ. ಪ್ರತಿ ಸಂಬಳದ ದಿನ ಐದು ನಿಮಿಷ ಕೂತು ತುಂಬಿಬಿಡಬೇಕು. ಹತ್ತನೇ ತಿಂಗಳಲ್ಲಿ ಬಾಕಿ ಕಾಲಂ ಕೆಂಪಾಗಿದ್ದರೆ ಬೋನಸ್ ಮುಂಚಿತವಾಗಿ ಕೊಡಲು ಇನ್ನೂ ಸಮಯ ಇರುತ್ತೆ. ಉದ್ಯೋಗಿ ತಾನೇ 401ಕೆಗೆ (ನಿವೃತ್ತಿ ಉಳಿತಾಯ ಖಾತೆ) ಹಾಕಿದ ದುಡ್ಡು ಸಂಬಳದಲ್ಲಿ ಸೇರುತ್ತೆ. ಕಂಪನಿ ಕಟ್ಟೋ ಆರೋಗ್ಯ ವಿಮೆಯ ಪಾಲು, ಸಂಬಳದ ಮೇಲಿನ ಪೇರೋಲ್ ತೆರಿಗೆಯ ಪಾಲು ಸೇರಲ್ಲ. ವಾರದ ಕಾಲಂ ಏಕೆಂದರೆ, ಹುದ್ದೆ 44 ವಾರ ಭರ್ತಿಯಾಗಿರಬೇಕು.

ಇನ್ನೊಂದು ಗುಂಡಿ ತಲೆ ಎಣಿಕೆಯದು. ಅವಧಿಯ ಕೊನೆ ದಿನ ಅದೇ ಜಾಗದಲ್ಲಿ ಈ ಮಟ್ಟದ ಸಂಬಳದವರ ಸಂಖ್ಯೆ, ಹುದ್ದೆ ಹುಟ್ಟೋ ಹಿಂದಿನ ದಿನಕ್ಕಿಂತ ಕನಿಷ್ಠ ಒಂದು ಹೆಚ್ಚಿರಬೇಕು. ಅವತ್ತು 11 ಇದ್ದರೆ ಈಗ 12. ಹಳಬರೊಬ್ಬರು ಕೊನೆ ವಾರದಲ್ಲಿ ರಾಜೀನಾಮೆ ಕೊಟ್ಟರೆ ಹೊಸಬರ ಕ್ರೆಡಿಟ್ ಹೋಯ್ತು. ಹೊಸಬರು ಎಷ್ಟು ದುಡಿದಿದ್ದರೂ ಅಷ್ಟೇ. ಇದು ಅನ್ಯಾಯ ಅಂತಲೇ ಅನಿಸುತ್ತೆ.

ಇಷ್ಟೆಲ್ಲ ಬೈದರೂ ಬಿಡಲು ಮನಸ್ಸು ಬಾರದ್ದಕ್ಕೆ ಕಾರಣ ರೀಫಂಡ್. ಕ್ರೆಡಿಟ್ ಮೊದಲು ಗ್ರಾಸ್ ರಿಸೀಟ್ಸ್ (ವ್ಯಾಪಾರದ ಒಟ್ಟು ವಸೂಲಿಯ ಮೇಲಿನದು), ವಿತ್‌ಹೋಲ್ಡಿಂಗ್ (ಉದ್ಯೋಗಿಯ ಸಂಬಳದಲ್ಲಿ ಮುರಿದು ಕಟ್ಟೋದು) ಮುಂತಾದ ತೆರಿಗೆಗಳ ರಾಜ್ಯದ ಪಾಲಿನಲ್ಲಿ ವಜಾ ಆಗುತ್ತೆ, ಮಿಕ್ಕಿದ್ದು ನಗದಾಗಿ ವಾಪಸ್ ಬರುತ್ತೆ. ಮಾಲನ್ನು ಹೊರರಾಜ್ಯಕ್ಕೆ ಕಳಿಸೋ ಕಂಪನಿಗೆ ಗ್ರಾಸ್ ರಿಸೀಟ್ಸ್ ತೆರಿಗೆ ಬೀಳೋದೇ ಕಡಿಮೆ, ಯೋಜನೆ ಇರೋದೂ ಮುಖ್ಯವಾಗಿ ಅಂಥವರಿಗೇ. ರೀಫಂಡ್ ಇಲ್ಲದಿದ್ದರೆ ಇದು ಕಾಗದದ ಹೂವಾಗ್ತಿತ್ತು.

ಊರು ಆರಿಸೋವಾಗ ನಕ್ಷೆ ಬಿಡಿಸಿ ನೋಡಿ. 60,000ಕ್ಕಿಂತ ಕಡಿಮೆ ಜನಸಂಖ್ಯೆಯ ರೋಸ್‌ವೆಲ್, ಫಾರ್ಮಿಂಗ್ಟನ್‌ಗೆ ಗೆರೆ 40,000 ಡಾಲರ್ ಅಷ್ಟೇ. ಆದರೆ ಬರ್ನಲಿಯೊ ಸಣ್ಣ ಊರು ಅಂತ ಖುಷಿಪಡಬೇಡಿ. ದೊಡ್ಡ ನಗರದ ಗಡಿಯಿಂದ ಹತ್ತು ಮೈಲಿಯೊಳಗಿದ್ದರೂ ಗೆರೆ 60,000 ಡಾಲರೇ, ಅದು ದೊಡ್ಡ ನಗರವಾದ ರಿಯೋ ರಾಂಚೊಗೆ ಅಂಟಿಕೊಂಡೇ ಇದೆ. ಲಾಸ್ ಅಲಾಮೋಸ್ ಕೌಂಟಿಯಲ್ಲಿರೋದು ಇಪ್ಪತ್ತು ಸಾವಿರವೂ ಇಲ್ಲದ ಜನ, ಆದರೂ ಹೆಸರು ಹಿಡಿದೇ 60,000 ಡಾಲರ್‌ನ ಪಟ್ಟಿಗೆ ಸೇರಿಸಿದ ಹಾಗಿದೆ. ಕಾನೂನಿನಲ್ಲಿ ‘ಕ್ಲಾಸ್ ಎಚ್ ಕೌಂಟಿ’ ಅಂತಿದೆ, ಆ ದರ್ಜೆಯಲ್ಲಿರೋದು ಅದೊಂದೇ.

ಅರ್ಜಿ ಆರ್‌ಪಿಡಿ-41288. ಮಾಲೀಕರ ಹತ್ತಿರದ ಸಂಬಂಧಿಕರ ಹೆಸರು ಅದರಲ್ಲಿ ತೂರಿಸಬೇಡಿ, ಮಾಲೀಕರ ಮಗನಿಗೆ ಕ್ರೆಡಿಟ್ ಇಲ್ಲ. ಗಡುವು ಉದಾರವಾಗಿದೆ: 2025ರ ಮಾರ್ಚ್‌ನಲ್ಲಿ ಅವಧಿ ಮುಗಿದರೆ 2026ರ ಡಿಸೆಂಬರ್ 31ರವರೆಗೆ. ಆ ಹೊತ್ತಿಗೆ ಪೇರೋಲ್ ಕಂಪನಿ ಬದಲಾಗಿ ಹಳೇ ರಿಜಿಸ್ಟರ್ ಸಿಗದೆ ಒದ್ದಾಡೋದು ಮಾಮೂಲು. ಅವಧಿ ಮುಗಿದ ವಾರವೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.