ವೆಸ್ ಮಾಂಟ್ಗೊಮರಿಯ ‘ಸ್ಮೋಕಿನ್ ಅಟ್ ದಿ ಹಾಫ್ ನೋಟ್’: ವರ್ಷಗಟ್ಟಲೆ ಕೇಳಿದ ಮೇಲೆ ಬರೆದದ್ದು

ಜಾಝ್ ಗಿಟಾರಿಸ್ಟ್ ವೆಸ್ ಮಾಂಟ್ಗೊಮರಿ ಅವರ ಆಲ್ಬಂ ಇದು. ಮೊದಲಿಗೆ ಒಂದು ತಕರಾರು. ಹೆಸರು ನೋಡಿ ಇದು ಪೂರ್ತಿ ಲೈವ್ ಆಲ್ಬಂ ಅಂದುಕೊಳ್ಳಬೇಡಿ. ಮೂಲ ಎಲ್‌ಪಿಯಲ್ಲಿ (ಗ್ರಾಮಫೋನ್ ತಟ್ಟೆಯಲ್ಲಿ) ಇರುವುದು ಐದೇ ಟ್ರ್ಯಾಕ್. ಅದರಲ್ಲಿ ನ್ಯೂಯಾರ್ಕ್‌ನ ಹಾಫ್ ನೋಟ್ ಕ್ಲಬ್‌ನಲ್ಲಿ ಜನರ ಮುಂದೆ ನುಡಿಸಿದ್ದು ಮೊದಲ ಎರಡು ಮಾತ್ರ, 1965ರ ಜೂನ್‌ನಲ್ಲಿ. ಉಳಿದ ಮೂರು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಆದವು. ಎಲ್‌ಪಿ ತಿರುಗಿಸಿ ಹಾಕಿದರೆ ಇದು ತಕ್ಷಣ ಗೊತ್ತಾಗುತ್ತದೆ. ಒಂದು ಬದಿಯಲ್ಲಿ ಕ್ಲಬ್ಬಿನ ಗಾಳಿ, ಚಪ್ಪಾಳೆ. ಇನ್ನೊಂದು ಬದಿಯಲ್ಲಿ ಗುಡಿಸಿ ಒರೆಸಿದಂಥ ಸ್ವಚ್ಛ ಸದ್ದು.

ಈ ತಕರಾರು ಇಟ್ಟುಕೊಂಡೇ ಹೇಳುತ್ತೇನೆ, ನನ್ನ ಹತ್ತಿರ ಇರುವ ಜಾಝ್ ಆಲ್ಬಂಗಳಲ್ಲಿ ಜಾಸ್ತಿ ಕೇಳಿದ್ದು ಇದನ್ನೇ. ಮೊದಮೊದಲು ಕೇಳುತ್ತಿದ್ದದ್ದು ಗಿಟಾರ್‌ಗಾಗಿ. ಈಗ ಕೇಳುವುದು ಪಕ್ಕವಾದ್ಯದವರಿಗಾಗಿ.

ಗಿಟಾರ್ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ, ಬಿಡಿ. ವೆಸ್ ಮಾಂಟ್ಗೊಮರಿ ಇಂಡಿಯಾನಾಪೊಲಿಸ್‌ನವರು, ಹುಟ್ಟಿದ್ದು 1923ರಲ್ಲಿ. ಗಿಟಾರ್ ಗಂಭೀರವಾಗಿ ಹಿಡಿದದ್ದು ಇಪ್ಪತ್ತರ ಆಸುಪಾಸಿನಲ್ಲಿ, ಅದೂ ಗಿಟಾರಿಸ್ಟ್ ಚಾರ್ಲಿ ಕ್ರಿಶ್ಚಿಯನ್ ರೆಕಾರ್ಡ್‌ಗಳನ್ನು ಕೇಳಿ ಕೇಳಿ, ತಾವಾಗಿಯೇ. ನೊಟೇಶನ್ ಓದಲು ಬರುತ್ತಿರಲಿಲ್ಲ. ಹಗಲು ಫ್ಯಾಕ್ಟರಿ ಕೆಲಸ, ರಾತ್ರಿ ಕ್ಲಬ್ಬುಗಳಲ್ಲಿ ವಾದನ. ಮನೆಯವರಿಗೂ ಅಕ್ಕಪಕ್ಕದವರಿಗೂ ರಾತ್ರಿ ಹೊತ್ತು ತೊಂದರೆ ಆಗದಿರಲಿ ಅಂತ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬಿಟ್ಟು ಹೆಬ್ಬೆರಳಲ್ಲಿ ಮೀಟತೊಡಗಿದರು ಅನ್ನುವ ಕತೆಯನ್ನು ಜಾಝ್ ಕೇಳುವವರೆಲ್ಲ ಕೇಳಿರುತ್ತಾರೆ. ಕತೆ ಏನೇ ಇರಲಿ, ಆ ಹೆಬ್ಬೆರಳಿನ ಸದ್ದು ಬೇರೆ ಯಾರಿಗೂ ಬರಲಿಲ್ಲ. ಪಿಕ್ ತಗುಲಿದಾಗ ಬರುವ ‘ಟಿಕ್’ ಅನ್ನುವ ಚೂಪು ಇಲ್ಲಿ ಇಲ್ಲ. ಸ್ವರದ ಮುಂತುದಿಯೇ ದುಂಡಗೆ ಇರುತ್ತದೆ.

ಇನ್ನು ಅವರ ಆಕ್ಟೇವ್. ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ ಒಟ್ಟಿಗೆ ನುಡಿಸುವುದು, ಅಂದರೆ ಮಧ್ಯ ಷಡ್ಜ ಮತ್ತು ತಾರ ಷಡ್ಜ ಜೊತೆಜೊತೆಗೆ ಬಂದ ಹಾಗೆ. ಕೇಳಲು ಸುಲಭ, ಮಾಡಿ ನೋಡಿದರೆ ಕಷ್ಟ ಗೊತ್ತಾಗುತ್ತದೆ. ಆರನೇ ತಂತಿ ಮತ್ತು ನಾಲ್ಕನೇ ತಂತಿಯಲ್ಲಿ ಎರಡು ಬೆರಳು ಒತ್ತಬೇಕು. ನಡುವಿನ ಐದನೇ ತಂತಿ ಸದ್ದು ಮಾಡಬಾರದು, ಹಾಗಾಗಿ ಎಡಗೈ ಬೆರಳಿನ ಪಕ್ಕವನ್ನು ಅದಕ್ಕೆ ಸುಮ್ನೆ ತಾಗಿಸಿ ಇಟ್ಟಿರಬೇಕು. ಬಲಗೈ ಹೆಬ್ಬೆರಳು ಮೂರೂ ತಂತಿ ಮೇಲೆ ಒಂದೇ ಬೀಸಿಗೆ ಇಳಿಯುತ್ತದೆ. ತೆಳು ತಂತಿಗಳಿಗೆ ಹೋದಾಗ ಎರಡು ಬೆರಳ ನಡುವಿನ ಅಂತರವೂ ಬದಲಾಗುತ್ತದೆ. ಇದನ್ನು ನಿಧಾನವಾಗಿ ಒಂದು ಸಲ ಮಾಡುವುದೇ ಸಾಕುಬೇಕು ಅನ್ನಿಸುತ್ತದೆ. ವೆಸ್ ಇದನ್ನೇ ಓಡುವ ಲಯದಲ್ಲಿ ಉದ್ದುದ್ದ ಸಾಲುಗಳಾಗಿ ಹೆಣೆಯುತ್ತಾರೆ.

ಅವರ ಸೋಲೋಗೆ, ಅಂದರೆ ಅವರೊಬ್ಬರೇ ಮುಂದೆ ಬಂದು ನುಡಿಸುವ ಭಾಗಕ್ಕೆ, ಒಂದು ಕ್ರಮ ಇದೆ. ಮೊದಲು ಬಿಡಿ ಸ್ವರ, ಆಮೇಲೆ ಆಕ್ಟೇವ್, ಕೊನೆಗೆ ಪೂರ್ತಿ ಕಾರ್ಡ್‌ಗಳು, ಅಂದರೆ ಹಲವು ಸ್ವರ ಒಟ್ಟಿಗೆ. ‘ನೋ ಬ್ಲೂಸ್’ ಅನ್ನುವ ಮೊದಲ ಟ್ರ್ಯಾಕ್‌ನಲ್ಲಿ ಇದು ಸೊಗಸಾಗಿ ಕೇಳಿಸುತ್ತದೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಬರೆದ ಹನ್ನೆರಡು ಬಾರ್‌ನ (ಬಾರ್ ಅಂದರೆ ತಾಳದ ಒಂದು ಅಳತೆ) ಬ್ಲೂಸ್ ಇದು, ಸುಮಾರು 13 ನಿಮಿಷ. ಹೆಸರಿಗೆ ‘ಬ್ಲೂಸ್ ಅಲ್ಲ’, ಇರುವುದು ಅಪ್ಪಟ ಬ್ಲೂಸ್. ಹನ್ನೆರಡು ಬಾರ್ ಮುಗಿದ ಕೂಡಲೇ ಮತ್ತೆ ಮೊದಲಿಂದ ಶುರು. ಇಷ್ಟು ಚಿಕ್ಕ ಆವರ್ತನವನ್ನೇ ಸುತ್ತುತ್ತಾ ಬೇಸರ ಬರದ ಹಾಗೆ ಏರಿಸಿಕೊಂಡು ಹೋಗುವುದು ಹುಡುಗಾಟ ಅಲ್ಲ. ವೆಸ್ ಅವಸರ ಮಾಡುವುದಿಲ್ಲ. ಒಂದು ಸಣ್ಣ ತುಣುಕು ಹಿಡಿಯುತ್ತಾರೆ, ಅದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಪಿಯಾನೋ ಮತ್ತು ಡ್ರಮ್ಸ್ ಅದನ್ನು ಕಚ್ಚಿಕೊಳ್ಳುತ್ತವೆ. ಆಗ ನಾಲ್ವರೂ ಸೇರಿ ಒಂದೇ ವಾದ್ಯ ಆಗಿಬಿಡುತ್ತಾರೆ.

ಇಲ್ಲಿಂದಲೇ ನನ್ನ ಕಿವಿ ಗಿಟಾರ್ ಬಿಟ್ಟು ಪಕ್ಕಕ್ಕೆ ಸರಿದದ್ದು. ಪಿಯಾನೋದಲ್ಲಿ ವಿಂಟನ್ ಕೆಲಿ, ಬೇಸ್‌ನಲ್ಲಿ ಪಾಲ್ ಚೇಂಬರ್ಸ್, ಡ್ರಮ್ಸ್‌ನಲ್ಲಿ ಜಿಮ್ಮಿ ಕಾಬ್. ಮೂವರೂ ಮೈಲ್ಸ್ ಡೇವಿಸ್ ತಂಡದಲ್ಲಿ ವರ್ಷಗಟ್ಟಲೆ ಜೊತೆಗೆ ಇದ್ದವರು, ಆಮೇಲೆ ಕೆಲಿ ಹೆಸರಿನಲ್ಲೇ ಟ್ರಯೋ ಮಾಡಿಕೊಂಡವರು. ಈ ಆಲ್ಬಂ ಬಂದದ್ದೂ ಕೆಲಿ ಟ್ರಯೋ ಮತ್ತು ವೆಸ್ ಇಬ್ಬರ ಹೆಸರಲ್ಲೇ. ಗಿಟಾರ್ ಒಂದು ಮಾತು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗ ಇರುತ್ತದಲ್ವಾ, ಕೆಲಿ ಸರಿಯಾಗಿ ಅಲ್ಲಿ ಒಂದು ಕಾರ್ಡ್ ಕುಕ್ಕುತ್ತಾರೆ. ಮುಂಚೆಯೂ ಇಲ್ಲ, ತಡವೂ ಇಲ್ಲ. ‘ಹೂಂ, ಆಮೇಲೆ?’ ಅಂತ ಕೇಳಿದ ಹಾಗೆ. ಒಂದು ಸಲ ಗಿಟಾರ್ ಕಡೆ ಗಮನ ಕೊಡದೆ ಬರೀ ಪಿಯಾನೋ ಹಿಂದೆಯೇ ಹೋಗಿ ನೋಡಿ. ಆಲ್ಬಂ ಬೇರೆಯೇ ಆಗಿ ಕೇಳಿಸುತ್ತದೆ. ಕಾಬ್ ಅವರ ಸಿಂಬಲ್ (ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆ) ಇನ್ನೊಂದು ಮಜಾ. ಎಲ್ಲೂ ಜೋರು ಮಾಡುವುದಿಲ್ಲ, ಎಲ್ಲೂ ಬಿಡುವುದೂ ಇಲ್ಲ.

ಎರಡನೇ ಲೈವ್ ಟ್ರ್ಯಾಕ್ ‘ಇಫ್ ಯು ಕುಡ್ ಸೀ ಮಿ ನೌ’. ಟ್ಯಾಡ್ ಡ್ಯಾಮರನ್ ಅವರ ವಿಳಂಬದ ಹಾಡು. ಗಿಟಾರಿಸ್ಟ್ ಪ್ಯಾಟ್ ಮೆಥೀನಿ ಈ ಆಲ್ಬಂ ಅನ್ನು ಜಾಝ್ ಗಿಟಾರ್‌ನಲ್ಲೇ ಎಲ್ಲಕ್ಕಿಂತ ದೊಡ್ಡದು ಅಂತ ಹೇಳಿದ್ದಾರೆ, ಈ ಹಾಡಿನ ಸೋಲೋ ತಮಗೆ ಅತಿ ಇಷ್ಟ ಅಂತಲೂ ಹೇಳಿದ್ದಾರೆ. ದೊಡ್ಡವರ ಮಾತಿಗೆ ತಲೆ ಆಡಿಸಲೇಬೇಕು ಅಂತೇನಿಲ್ಲ. ಆದರೆ ಇಲ್ಲಿ ನನಗೂ ಬೇರೆ ಮಾತು ಹೊಳೆಯುವುದಿಲ್ಲ. ನಿಧಾನದ ಹಾಡಿನ ಮೇಲೆ ಗಿಟಾರ್ ಮಾತ್ರ ದುಪ್ಪಟ್ಟು ವೇಗಕ್ಕೆ ಹಾರುತ್ತದೆ, ಮತ್ತೆ ಮೆತ್ತಗೆ ಇಳಿಯುತ್ತದೆ. ವೇಗ ತೋರಿಸಬೇಕು ಅನ್ನುವ ಆಸೆ ಎಲ್ಲೂ ಕಾಣುವುದಿಲ್ಲ.

ಸ್ಟುಡಿಯೋ ಬದಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ‘ಯೂನಿಟ್ 7’ ಚೆನ್ನಾಗಿದೆ. ‘ಫೋರ್ ಆನ್ ಸಿಕ್ಸ್’ ವೆಸ್ ಅವರದೇ ರಚನೆ, 1960ರಲ್ಲೇ ಒಮ್ಮೆ ರೆಕಾರ್ಡ್ ಮಾಡಿದ್ದರು. ಗಿಟಾರ್ ಕಲಿಯುವವರು ಇದನ್ನು ಬಿಡುವ ಹಾಗಿಲ್ಲ. ‘ವಾಟ್ಸ್ ನ್ಯೂ’ ತಂಪಾಗಿದೆ. ಸದ್ದಿನ ಗುಣ ಮೊದಲ ಬದಿಗಿಂತ ಒಂದು ಕೈ ಮೇಲೆ. ಆದರೂ ನನ್ನ ಸೂಜಿ ಮೊದಲ ಬದಿಗೇ ಹೋಗುತ್ತದೆ.

ಹಾಫ್ ನೋಟ್ ಬಗ್ಗೆ ಒಂದೆರಡು ಮಾತು. ಮ್ಯಾನ್‌ಹಟನ್‌ನ ಕೆಳಭಾಗದಲ್ಲಿ ಕ್ಯಾಂಟರಿನೊ ಅನ್ನುವ ಇಟಾಲಿಯನ್ ಕುಟುಂಬ ನಡೆಸುತ್ತಿದ್ದ ಜಾಗ ಅದು. ಊಟ, ಸಂಗೀತ ಎರಡೂ ಅಲ್ಲೇ. ಅದೇ 1965ರಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ತಂಡವೂ ಅಲ್ಲಿ ನುಡಿಸಿತ್ತು. ಊಟ ಮಾಡುತ್ತಾ ಇವರನ್ನೆಲ್ಲ ಕೇಳಿದ ಪುಣ್ಯವಂತರು ಯಾರೋ.

ಈಗ ಕೊಳ್ಳುವ ವಿಷಯ. ಕ್ಲಬ್ಬಿನಲ್ಲಿ ರೆಕಾರ್ಡ್ ಆದ ಉಳಿದ ಹಾಡುಗಳನ್ನು ವೆಸ್ ತೀರಿಕೊಂಡ ಮೇಲೆ ‘ವಿಲೋ ವೀಪ್ ಫಾರ್ ಮಿ’ ಅನ್ನುವ ಆಲ್ಬಂ ಆಗಿ ತಂದರು. ತರುವಾಗ ಅದರ ಮೇಲೆ ಕ್ಲಾಸ್ ಓಗರ್ಮನ್ ಅವರಿಂದ ಬ್ರಾಸ್ (ಹಿತ್ತಾಳೆಯ ಊದುವ ವಾದ್ಯಗಳು) ಮತ್ತು ಕೊಳಲು, ಕ್ಲಾರಿನೆಟ್ ತರದ ಊದುವ ವಾದ್ಯಗಳನ್ನು ಬರೆಸಿ ಸೇರಿಸಿದರು. ಅದಕ್ಕೆ ಗ್ರ್ಯಾಮಿ ಕೂಡ ಬಂತು! ನನಗಂತೂ ಬಿಸಿ ಅನ್ನಕ್ಕೆ ತುಪ್ಪದ ಬದಲು ಕ್ರೀಮ್ ಸುರಿದ ಹಾಗೆ ಅನಿಸುತ್ತದೆ. 2005ರ ಸಿಡಿ ಆವೃತ್ತಿಯಲ್ಲಿ ಆ ಸೇರ್ಪಡೆಗಳಿಲ್ಲದೆ ಆ ಹಾಡುಗಳು ಸಿಗುತ್ತವೆ, ಒಟ್ಟು ಹನ್ನೊಂದು ಟ್ರ್ಯಾಕ್. ಕೋಲ್ಟ್ರೇನ್ ಅವರ ‘ಇಂಪ್ರೆಶನ್ಸ್’ ಕೂಡ ಅದರಲ್ಲಿದೆ, ಅದೊಂದಕ್ಕೇ ದುಡ್ಡು ವಸೂಲ್. ಆ್ಯಪ್‌ಗಳಲ್ಲಿ ಹುಡುಕುವಾಗ ಐದು ಟ್ರ್ಯಾಕ್‌ನದೋ ಹನ್ನೊಂದರದೋ ನೋಡಿಕೊಳ್ಳಿ. ಶಫಲ್ ಆಫ್ ಮಾಡಿ, ದಯವಿಟ್ಟು. ನಾನು ಆನ್‌ಲೈನ್‌ನಲ್ಲಿ ತರಿಸಿದ ಎಲ್‌ಪಿ ಸೊಟ್ಟಗಾಗಿ ಬಂದಿತ್ತು, ವಾಪಸ್ ಕಳಿಸಿ ಇನ್ನೊಂದು ಬರುವ ಹೊತ್ತಿಗೆ ಸಾಕಾಗಿ ಹೋಯಿತು. ಬಂದ ದಿನವೇ ಪೊಟ್ಟಣ ಬಿಚ್ಚಿ ತಟ್ಟೆ ಸಮ ಇದೆಯಾ ನೋಡಿ.

ಯಾರಿಗೆ ಹಿಡಿಸಲಿಕ್ಕಿಲ್ಲ? ಕೆಲಸ ಮಾಡುತ್ತಾ ಹಿನ್ನೆಲೆಗೆ ಏನಾದರೂ ಬೇಕು ಅನ್ನುವವರಿಗೆ. 13 ನಿಮಿಷದ ಬ್ಲೂಸ್ ಸುಮ್ಮನೆ ಕಿವಿ ಮೇಲೆ ಹರಿದರೆ ಒಂದೇ ತರ ಕೇಳಿಸುತ್ತದೆ, ಅದು ನಿಜ. ಅಂಥವರಿಗೆ ಇದಾದ ಕೆಲವೇ ತಿಂಗಳಿಗೆ ವೆಸ್ ದೊಡ್ಡ ವಾದ್ಯವೃಂದದ ಜೊತೆ ನುಡಿಸಿದ ಜನಪ್ರಿಯ ಹಾಡುಗಳು ವಾಸಿ. ದುಡ್ಡು, ಹೆಸರು ಜಾಸ್ತಿ ತಂದದ್ದೂ ಅವೇ. ಅದಕ್ಕೆ ಅವರನ್ನು ಬೈಯುವವರೂ ಇದ್ದಾರೆ. ಫ್ಯಾಕ್ಟರಿಯಲ್ಲಿ ದುಡಿದು ದೊಡ್ಡ ಸಂಸಾರ ಸಾಕಿದ ಮನುಷ್ಯನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. 1968ರಲ್ಲಿ, 45ನೇ ವಯಸ್ಸಿಗೆ, ಹೃದಯಾಘಾತದಿಂದ ಹೋಗಿಬಿಟ್ಟರು. ಮರುವರ್ಷ ಚೇಂಬರ್ಸ್, 1971ರಲ್ಲಿ ಕೆಲಿ. ಕಾಬ್ ಒಬ್ಬರು 2020ರವರೆಗೆ ಇದ್ದರು.

ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಕಳೆದದ್ದು ಕವರ್ ಮೇಲಿನ ಹೆಸರಿಗೆ. ಇದು ಹಿಡಿಸಿದರೆ ಮುಂದೆ ‘ಫುಲ್ ಹೌಸ್’ ಕೇಳಿ. 1962ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಟ್ಸುಬೊ ಅನ್ನುವ ಕಾಫಿಹೌಸ್‌ನಲ್ಲಿ ರೆಕಾರ್ಡ್ ಆದದ್ದು. ಪಕ್ಕವಾದ್ಯಕ್ಕೆ ಇದೇ ಮೂವರು, ಜೊತೆಗೆ ಜಾನಿ ಗ್ರಿಫಿನ್ ಅವರ ಸ್ಯಾಕ್ಸೋಫೋನ್. ಅದು ಎರಡೂ ಬದಿ ಲೈವ್.