ಹೊರಗೋಡೆಯ ಶಾಖನಿರೋಧಕ: ಥರ್ಮೋಕೋಲ್, ರಾಕ್‌ವೂಲ್, ಪಿಐಆರ್

ಹೊರಗೋಡೆಗೆ ಶಾಖನಿರೋಧಕ ಹೊದಿಕೆ ಹಾಕಿಸಲು ಹೊರಟವರ ಮುಂದೆ ಸಾಮಾನ್ಯವಾಗಿ ಬರುವ ಆಯ್ಕೆಗಳು ಮೂರು: ಥರ್ಮೋಕೋಲ್ ಹಲಗೆ, ಕಲ್ಲನ್ನು ಕರಗಿಸಿ ತೆಗೆದ ಎಳೆಗಳ ರಾಕ್‌ವೂಲ್ ಮತ್ತು ಪಿಐಆರ್ ಎಂಬ ಗಟ್ಟಿ ಫೋಮ್.

ಖರ್ಚೇ ಮುಖ್ಯವಾದರೆ ಥರ್ಮೋಕೋಲ್ ಅಗ್ಗ, ಹಗುರ, ಕತ್ತರಿಸಿ ಅಂಟಿಸಲು ಸುಲಭ. ಶಾಖ ತಡೆಯುವುದರಲ್ಲಿ ಅದಕ್ಕೂ ರಾಕ್‌ವೂಲ್‌ಗೂ ಹೆಚ್ಚಿನ ಅಂತರವಿಲ್ಲ. ಎರಡರ ಉಷ್ಣವಾಹಕತೆಯೂ (ಇದು ಕಡಿಮೆಯಿದ್ದಷ್ಟೂ ಶಾಖ ಹೆಚ್ಚು ತಡೆಯುತ್ತದೆ) ಮೀಟರ್-ಕೆಲ್ವಿನ್‌ಗೆ 0.035 ವ್ಯಾಟ್‌ನ ಆಸುಪಾಸಿನಲ್ಲಿರುತ್ತದೆ. ಪಿಐಆರ್‌ನದು ಸುಮಾರು 0.022ರಿಂದ 0.026. ಆದ್ದರಿಂದ ಗೋಡೆಯಾಚೆ ಜಾಗ ಕಡಿಮೆಯಿದ್ದು ತೆಳುವಾದ ಹೊದಿಕೆಯೇ ಬೇಕಾದವರಿಗೆ ಅದರ ಹೆಚ್ಚಿನ ಬೆಲೆ ಸಾರ್ಥಕ.

ಬೆಂಕಿಯ ವಿಷಯದಲ್ಲಿ ಮಾತ್ರ ಇವು ಸಮಾನವಲ್ಲ, ಮತ್ತು ಇದನ್ನು ಬೆಲೆಗಿಂತ ಮೊದಲು ತೂಗಬೇಕೆಂಬುದು ನನ್ನ ದೃಢ ಅಭಿಪ್ರಾಯ. 2017ರಲ್ಲಿ 72 ಜನರನ್ನು ಬಲಿ ಪಡೆದ ಲಂಡನ್ನಿನ ಗ್ರೆನ್‌ಫೆಲ್ ಟವರ್ ದುರಂತದಲ್ಲಿ, ಹೊರಮೈಯ ಫಲಕಗಳೊಳಗಿನ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ನ ತಿರುಳು ಬೆಂಕಿ ಹರಡಲು ಮುಖ್ಯ ಕಾರಣವಾಗಿತ್ತು. ಅವುಗಳ ಹಿಂದೆ ಇದ್ದದ್ದೂ ಉರಿಯುವ ಫೋಮ್ ನಿರೋಧಕವೇ. ಥರ್ಮೋಕೋಲ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ, ರಾಕ್‌ವೂಲ್‌ನ ಎಳೆಗಳು 1000 ಡಿಗ್ರಿಯನ್ನೂ ತಾಳುತ್ತವೆ. ಬಹುಮಹಡಿ ಕಟ್ಟಡಕ್ಕೂ, ಪಕ್ಕದ ಮನೆಗೆ ಒತ್ತಿಕೊಂಡಿರುವ ಗೋಡೆಗೂ ರಾಕ್‌ವೂಲ್ ಸೂಕ್ತ.

ಸುಣ್ಣದ ಗಾರೆಯ ಹಳೆಯ ಕಲ್ಲುಗೋಡೆಗೂ ಅದೇ ಹೊಂದುತ್ತದೆ, ಏಕೆಂದರೆ ಅದು ನೀರಾವಿಯನ್ನು ಹೊರಬಿಡುತ್ತದೆ. ಆದರೆ ಅದು ಭಾರವಾಗಿದ್ದು, ಅಂಟಿನ ಜೊತೆಗೆ ಮೊಳೆಗಳೂ ಬೇಕಾಗುತ್ತವೆ; ಜೋಡಿಸುವಾಗ ಮಳೆ ತಾಗದಂತೆ ಮುಚ್ಚಿಡಬೇಕು. ನೆಲಕ್ಕೆ ತಾಗುವ, ನೀರು ಸಿಡಿಯುವ ಬುಡದ ಭಾಗಕ್ಕೆ ಮಾತ್ರ ಯಾವ ಮನೆಯಲ್ಲೂ ನೀರು ಹೀರದ ಫೋಮ್ ಹಲಗೆಯನ್ನೇ ಬಳಸುವುದು ಕ್ಷೇಮ. ಗೋಡೆಯಲ್ಲಿ ಈಗಾಗಲೇ ತೇವವಿದ್ದರೆ, ಯಾವುದನ್ನು ಆರಿಸಿದರೂ ಮೊದಲು ಅದರ ಮೂಲವನ್ನು ಸರಿಪಡಿಸಿ, ಗೋಡೆ ಒಣಗಿದ ಮೇಲಷ್ಟೇ ಹೊದಿಕೆ ಹಾಕಿಸಿ.