ಕಿಟಕಿ ತೊಳೆಯಲು ಬಿಸಿನೀರು: ಕಾಯಿಲ್, ಗ್ಯಾಸ್ ಗೀಸರ್, ಟ್ಯಾಂಕ್ ಗೀಸರ್

ಬೆಂಗಳೂರಿನ ಅಂಚಿನಲ್ಲಿ ನಮ್ಮದೊಂದು ಮೂರು ಅಂತಸ್ತಿನ ಮನೆ. ಕೆಳಗೆ ನಾವು, ಮೇಲಿನ ಎರಡೂ ಬಾಡಿಗೆಗೆ. ಬಾಡಿಗೆಯವರು ಖಾಲಿ ಮಾಡಿದಾಗಲೆಲ್ಲ ಕಿಟಕಿ ತೊಳೆಯುವ ಕೆಲಸ ನನ್ನ ಪಾಲಿಗೆ. ಅಡುಗೆಮನೆ ಗಾಜಿನ ಮೇಲೆ ಒಗ್ಗರಣೆ ಜಿಡ್ಡು, ಅದರ ಮೇಲೆ ರಸ್ತೆ ಧೂಳು. ತಣ್ಣೀರಲ್ಲಿ ಉಜ್ಜಿದರೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಒಂದೊಂದು ಮನೆಯಲ್ಲಿ ಒಂದೊಂದು ಥರದ ಹೀಟರ್ ಇರುವುದರಿಂದ ಮೂರರ ಗುಣವೂ ಗೊತ್ತಾಯಿತು, ರೋಗವೂ ಗೊತ್ತಾಯಿತು.

ಕೆಳಗಿನ ಮನೆಯದು ಬಕೆಟ್‌ಗೆ ಹಾಕುವ 1500 ವ್ಯಾಟಿನ ಕಾಯಿಲ್. 20 ಲೀಟರ್ ನೀರು 50 ಡಿಗ್ರಿಗೆ ಬರಲು ಸುಮಾರು 25 ನಿಮಿಷ. ಅಗ್ಗ, ಸರಳ. ಆದರೆ ನಮ್ಮದು ಬೋರ್‌ವೆಲ್ ನೀರು. ಕಾಯಿಲ್ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿ, ಶಾಖ ನೀರಿಗೆ ಇಳಿಯದೆ ಒಳಗೇ ಉಳಿಯುತ್ತದೆ. ಕೊನೆಗೆ ಕಾಯಿಲ್ ಬಿರುಕು ಬಿಡುತ್ತದೆ. ಒಂದು ದಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್, ಟ್ರಿಪ್ ಆಗತೊಡಗಿತು. ಸ್ವಿಚ್ ಕೆಟ್ಟಿದೆ ಅಂದುಕೊಂಡೆ. ಅದೇ ಪ್ಲಗ್ಗಿಗೆ ಮಿಕ್ಸಿ ಹಾಕಿದರೆ ಏನೂ ಆಗಲಿಲ್ಲ. ಅಂದರೆ ಕಾಯಿಲ್‌ನಿಂದಲೇ ಕರೆಂಟು ಸೋರುತ್ತಿದೆ. ರಿಪೇರಿ ಗಿಪೇರಿ ಬೇಡ, ಎಸೆದುಬಿಡಿ. ಹೊಸದು ತಂದರೂ ಪ್ಲಗ್ ತೆಗೆಯದೆ ನೀರಿಗೆ ಕೈ ಹಾಕಬೇಡಿ.

ನನ್ನ ತಾಳ್ಮೆ ತಿಂದಿದ್ದು ಮೇಲಿನ ಮನೆಯ ಗ್ಯಾಸ್ ಗೀಸರ್. ಅದು ನಿಮಿಷಕ್ಕೆ ಆರು ಲೀಟರಿನದು. ಇದಕ್ಕೇ ಪೈಪ್ ಸಿಕ್ಕಿಸಿ, ಕೋಲಿನ ಬ್ರಷ್‌ವರೆಗೂ ಬಿಸಿನೀರು ಹರಿಸೋಣ ಅಂತ ದೊಡ್ಡ ಪ್ಲಾನ್ ನನ್ನದು. ನಲ್ಲಿ ತಿರುಗಿಸಿದೆ, ಬೆಂಕಿ ಹತ್ತಲಿಲ್ಲ. ಎರಡು ದೊಡ್ಡ ಸೆಲ್ ಬದಲಿಸಿದೆ, ರೆಗ್ಯುಲೇಟರ್ ತೆಗೆದು ಹಾಕಿದೆ. ಊಹೂಂ. ಬೆಂಕಿ ಹತ್ತಿಸುವ ಟಿಕ್ ಟಿಕ್ ಸದ್ದೇ ಇಲ್ಲ ಅನ್ನುವುದನ್ನು ನಾನು ಗಮನಿಸಿರಲಿಲ್ಲ! ಸದ್ದು ಬಂದೂ ಬೆಂಕಿ ಹತ್ತದಿದ್ದರೆ ಗ್ಯಾಸ್ ಕಡೆ ನೋಡಬೇಕು. ಸದ್ದೇ ಇಲ್ಲದಿದ್ದರೆ ಒಂದೋ ಸೆಲ್ ಸತ್ತಿದೆ, ಇಲ್ಲವೇ ನೀರಿನ ಒತ್ತಡ ಸಾಲದು.

ನಲ್ಲಿ ಕೆಳಗೆ ಬಕೆಟ್ ಇಟ್ಟು ಮೊಬೈಲಿನಲ್ಲಿ ಟೈಮ್ ನೋಡಿದೆ. ನಿಮಿಷಕ್ಕೆ ಎರಡೂವರೆ ಲೀಟರೂ ಇಲ್ಲ. ಓವರ್‌ಹೆಡ್ ಟ್ಯಾಂಕ್ ತಲೆ ಮೇಲೇ ಇದೆ, ಆರೇಳು ಅಡಿ ಎತ್ತರದಿಂದ ಇಳಿಯುವ ನೀರಿಗೆ ಎಲ್ಲಿಂದ ಬರಬೇಕು ಜೋರು? ನೀರು ಒಳಹೋಗುವ ಬಾಯಲ್ಲಿರುವ ಸಣ್ಣ ಜಾಲರಿ ತೆಗೆದರೆ ಅದರ ತುಂಬ ಮರಳು. ತೊಳೆದ ಮೇಲೆ ಬೆಂಕಿ ಹತ್ತಿತು. ಆದರೆ ಬ್ರಷ್ಷಿನ ಸಪೂರ ಪೈಪ್ ಸಿಕ್ಕಿಸಿದ ಕೂಡಲೇ ಹರಿವು ಕಡಿಮೆಯಾಗಿ ಮತ್ತೆ ಆರಿತು. ಪ್ರೆಶರ್ ಪಂಪ್ ಹಾಕಿಸಬಹುದು, ವರ್ಷಕ್ಕೆ ಎರಡು ಸಲದ ಕೆಲಸಕ್ಕೆ ಅಷ್ಟು ದುಡ್ಡು ಯಾಕೆ? ಗಾಳಿಯಾಡದ ಬಚ್ಚಲಲ್ಲಿ ಈ ಗೀಸರ್ ಬೇಡವೇ ಬೇಡ. ಗ್ಯಾಸ್ ಉರಿಯುವಾಗ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ವಾಸನೆ ಇಲ್ಲ, ಜೀವ ಹೋಗುತ್ತದೆ. ನಮ್ಮದು ಹೊರಗಿನ ಯುಟಿಲಿಟಿಯಲ್ಲಿದೆ.

ನಡುವಿನ ಮನೆಯಲ್ಲಿ 15 ಲೀಟರಿನ ಟ್ಯಾಂಕ್ ಗೀಸರ್, 2000 ವ್ಯಾಟ್. ಇದಕ್ಕೆ ಒತ್ತಡದ ತಕರಾರಿಲ್ಲ. ಹೋದ ವರ್ಷ ಒಳಗೆ ಕಟಕಟ ಸದ್ದು ಶುರುವಾಯಿತು, ಕಾಯಲು ಜಾಸ್ತಿ ಹೊತ್ತು ಹಿಡಿಯಿತು. ಬಿಚ್ಚಿಸಿದರೆ ತಳದಲ್ಲಿ ಬೊಗಸೆ ತುಂಬ ಸುಣ್ಣದ ಚೂರು. ಒಳಗಿನ ಮೆಗ್ನೀಸಿಯಂ ಕಡ್ಡಿಯೂ ಸವೆದು ಬೆರಳಿನ ಗಾತ್ರವಿದ್ದದ್ದು ಪೆನ್ಸಿಲ್ ಆಗಿತ್ತು. ಟ್ಯಾಂಕ್ ತುಕ್ಕು ಹಿಡಿಯದ ಹಾಗೆ ತಾನು ಸವೆಯುವುದೇ ಅದರ ಕೆಲಸ, ಅದನ್ನು ಬದಲಿಸಬೇಕು. ಈಗ ಥರ್ಮೋಸ್ಟಾಟ್ 50ಕ್ಕೆ ಇಟ್ಟಿದ್ದೇನೆ. ನೀರು ಹೆಚ್ಚು ಕಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ, ಜಿಡ್ಡಿಗೆ 50 ಧಾರಾಳ.

ಕಿಟಕಿ ಕೆಲಸಕ್ಕೆ ನನ್ನ ಓಟು ಇದಕ್ಕೇ. ಬಕೆಟ್‌ಗೆ ಹಿಡಿದು, ಕೈಗೆ ಸುಡದಷ್ಟು ತಣ್ಣೀರು ಬೆರೆಸಿ, ಊರಲ್ಲಿ ತೋಟಕ್ಕೆ ಔಷಧಿ ಹೊಡೆಯುವಂಥ ಬ್ಯಾಟರಿ ಸ್ಪ್ರೇಯರಿಗೆ ಹಾಕುತ್ತೇನೆ. ಔಷಧಿ ಮುಟ್ಟದ ಹೊಸ ಸ್ಪ್ರೇಯರ್ ಇದು, ಮತ್ತೆ! ಗ್ಯಾಸ್ ಗೀಸರ್ ಕೊಡದ ಜೋರನ್ನು ಇದರ ಪುಟ್ಟ ಪಂಪ್ ಕೊಡುತ್ತದೆ.

ಗಾಜು ಒಣಗಿದ ಮೇಲೆ ಬಿಳಿ ಚುಕ್ಕೆ ಉಳಿದರೆ ಹೀಟರ್ ಬೈಯಬೇಡಿ. ಅದು ನೀರಿನ ಉಪ್ಪು. ನಾನು ಕೊನೆಯ ಸಲ ಮಳೆನೀರು ಹಾಕಿ, ರಬ್ಬರ್ ವೈಪರಿನಲ್ಲಿ ಎಳೆಯುತ್ತೇನೆ. ಆರ್‌ಓ ಫಿಲ್ಟರ್ ಹೊರಬಿಡುವ ನೀರನ್ನು ಸುಮ್ನೆ ಯಾಕೆ ಚೆಲ್ಲುವುದು ಅಂತ ನನ್ನವಳು ಒಮ್ಮೆ ಅದನ್ನೇ ಕೊಟ್ಟಳು. ಅದರಲ್ಲಿ ಉಪ್ಪು ಇನ್ನೂ ಜಾಸ್ತಿ ಅಲ್ವಾ, ಇಡೀ ಗಾಜು ಮತ್ತೆ ತೊಳೆದೆ.